ನೆತ್ತರ ಮೇಲೆ ಹೊರಿಸಿದ ಅಪರಾಧ

ಹುಬ್ಬಳ್ಳಿಯಲ್ಲಿ ಆಟೊ ಹತ್ತಿ ‘ಸೆಟ್ಲಮೆಂಟಿಗೆ ನಡೀರಿ’ ಅಂದರೆ ಚಾಲಕ ಮತ್ತೇನೂ ಕೇಳುವುದಿಲ್ಲ, ಗಾಡಿ ತಿರುಗಿಸುತ್ತಾನೆ. ಗದಗ-ಬೆಟಗೇರಿಯಲ್ಲೂ ಇದೇ ಹೆಸರಿನ ಜಾಗವಿದೆ. ಊರಿನವರ ಬಾಯಲ್ಲಿ ಸವೆದು ಸವೆದು ಅದೀಗ ಕನ್ನಡದ್ದೇ ಪದವಾಗಿಬಿಟ್ಟಿದೆ. ನೂರು ವರ್ಷದ ಹಿಂದೆ ಅಲ್ಲಿ ತಂತಿಬೇಲಿ ಇತ್ತು, ಬೇಲಿಯೊಳಗೆ ಸಂಸಾರಗಳಿದ್ದವು. ಹಗಲು ಗಿರಣಿಗೋ ಕೂಲಿಗೋ ಹೋಗಿ ಬರಬೇಕು, ಹೊತ್ತುಹೊತ್ತಿಗೆ ಹಾಜರಿ ಕೊಡಬೇಕು, ಹೊರಗೆ ಹೋಗಲು ಚೀಟಿ ಬೇಕು. ಅವರಲ್ಲಿ ಬಹಳಷ್ಟು ಜನ ಯಾವ ನ್ಯಾಯಾಲಯದಲ್ಲೂ ಯಾವ ಅಪರಾಧಕ್ಕೂ ಶಿಕ್ಷೆಯಾದವರಲ್ಲ. ಗಂಟಿಚೋರ, ಹರಣಶಿಕಾರಿ, ಕೊರಚ, ಛಪ್ಪರಬಂದ ಇತ್ಯಾದಿ ಸಮುದಾಯಗಳಲ್ಲಿ ಹುಟ್ಟಿದವರು, ಅಷ್ಟೆ. ಆ ಹುಟ್ಟನ್ನೇ ಬ್ರಿಟಿಷ್ ಸರ್ಕಾರ ಅಪರಾಧವೆಂದು ಬರೆದುಕೊಂಡಿತ್ತು.

1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಹಿಂದಿದ್ದ ತರ್ಕ ಸರಳವಾಗಿತ್ತು. ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ಹಾಗೆಯೇ ಕಳ್ಳತನವೂ ಅಪ್ಪನಿಂದ ಮಗನಿಗೆ ಇಳಿದು ಬರುವ ಕಸುಬು ಎಂದು ಆಳುವವರು ನಂಬಿದರು. ಒಂದು ಸಮುದಾಯವನ್ನು ‘ಅಪರಾಧಿ ಬುಡಕಟ್ಟು’ ಎಂದು ಅಧಿಸೂಚನೆ ಹೊರಡಿಸಿದ ಮೇಲೆ ಅದನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಾಯಿಸಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. 1897ರ ತಿದ್ದುಪಡಿ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಬೇರೆ ಇಡುವುದಕ್ಕೂ ದಾರಿ ಮಾಡಿತು. ರೋಗ ನೆತ್ತರಲ್ಲಿದೆ ಎಂದಮೇಲೆ ಮಗುವನ್ನು ಮೊದಲು ಬಿಡಿಸಬೇಕಲ್ಲ! 1911ರ ಕಾಯ್ದೆ ಇದನ್ನೆಲ್ಲ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿಸಿತು. ಪಟ್ಟಿಯಲ್ಲಿ ಹೆಸರಿರುವವರ ಬೆರಳಚ್ಚನ್ನು ಬೇಕೆಂದಾಗ ತೆಗೆದುಕೊಳ್ಳುವ ಅಧಿಕಾರವನ್ನೂ ಕೊಟ್ಟಿತು. ಕಳ್ಳತನ ನಡೆದ ಜಾಗದಲ್ಲಿ ಬೆರಳ ಗುರುತು ಸಿಕ್ಕಿ, ಆಮೇಲೆ ಮನುಷ್ಯನನ್ನು ಹುಡುಕುವುದು ಒಂದು ಕ್ರಮ. ಇಲ್ಲಿ ಮೊದಲೇ ಬೆರಳಿಗೆ ಮಸಿ ಬಳಿದಿಟ್ಟುಕೊಂಡು, ಕಳ್ಳತನ ಆಗಲಿ ಎಂದು ಕಾಯುವುದು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಅಂದಿನಿಂದ ಈ ಜನ ‘ವಿಮುಕ್ತರು’. ಆದರೆ ‘ಗಂಟಿಚೋರ’ ಎಂಬ ಹೆಸರು ಸರ್ಕಾರದ ಜಾತಿಪಟ್ಟಿಯಲ್ಲಿ ಹಾಗೆಯೇ ಉಳಿದಿದೆ. ಚೋರ ಎಂಬ ಪದ ಹೊತ್ತ ಪ್ರಮಾಣಪತ್ರವನ್ನು ಶಾಲೆಯ ಮೇಜಿನ ಮೇಲಿಡುವ ಹತ್ತು ವರ್ಷದ ಹುಡುಗಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಅಪರಾಧಕ್ಕೂ ಶರೀರಕ್ಕೂ ಇರುವ ಸಂಬಂಧವನ್ನು ವಿಜ್ಞಾನ ಹೇಗೆ ನೋಡುತ್ತದೆ ಎಂದು ಬರೆಯಹೊರಟಾಗ ನನಗೆ ಮೊದಲು ನೆನಪಾದದ್ದು ಆ ಹುಡುಗಿಯೇ.

ಅಪರಾಧ ಹುಟ್ಟಿನಿಂದಲೇ ಬರುತ್ತದೆ ಎಂಬ ನಂಬಿಕೆಗೆ ವಿಜ್ಞಾನದ ಅಂಗಿ ತೊಡಿಸಿದವನು ಚೆಜಾರೆ ಲೊಂಬ್ರೋಸೋ ಎಂಬ ಇಟಲಿಯ ವೈದ್ಯ. ದಕ್ಷಿಣ ಇಟಲಿಯ ಕಲಾಬ್ರಿಯಾದ ಜುಸೆಪ್ಪೆ ವಿಲ್ಲೆಲ್ಲಾ ಎಂಬ ಬಡವ ಕಳ್ಳನೆಂದು ಸೆರೆ ಸೇರಿ, ಊರಿಂದ ಬಹುದೂರ ಉತ್ತರದಲ್ಲಿ ಸತ್ತಿದ್ದ. ಅವನ ತಲೆಬುರುಡೆಯನ್ನು ಲೊಂಬ್ರೋಸೋ ಪರೀಕ್ಷಿಸಿದಾಗ ಹಿಂಭಾಗದ ತಳದಲ್ಲಿ, ಸಾಮಾನ್ಯವಾಗಿ ಸಣ್ಣ ಏಣು ಇರಬೇಕಾದ ಕಡೆ, ಒಂದು ಕುಳಿ ಕಂಡಿತು. ಕೆಳದರ್ಜೆಯ ಪ್ರಾಣಿಗಳಲ್ಲಿ ಕಾಣುವಂಥ ಕುಳಿ. ಅಷ್ಟರಿಂದ ಒಂದು ಸಿದ್ಧಾಂತ ಎದ್ದಿತು: ಅಪರಾಧಿ ಎಂದರೆ ವಿಕಾಸದ ಏಣಿಯಲ್ಲಿ ಹಿಂದೆ ಜಾರಿದ ಮನುಷ್ಯ, ಹುಟ್ಟುವಾಗಲೇ ಅಪರಾಧಿ. 1876ರಲ್ಲಿ ಬಂದ ಅವನ ‘ಅಪರಾಧಿ ಮಾನವ’ ಪುಸ್ತಕ ದಪ್ಪ ದವಡೆ, ಎದ್ದುಕಾಣುವ ಕೆನ್ನೆಯೆಲುಬು, ಹೊರಚಾಚಿದ ಕಿವಿ, ಉದ್ದ ತೋಳುಗಳನ್ನು ಅಪರಾಧದ ಕುರುಹುಗಳೆಂದು ಪಟ್ಟಿಮಾಡಿತು. ಯುರೋಪಿನ ಕೋರ್ಟು ಕಚೇರಿಗಳಲ್ಲಿ ಜನ ಕಿವಿ ನೋಡಿ ಗುಣ ಹೇಳತೊಡಗಿದರು.

ಕಾಲದ ಲೆಕ್ಕ ಒಮ್ಮೆ ನೋಡಿ. ನಮ್ಮಲ್ಲಿ ಕಾಯ್ದೆ ಬಂದದ್ದು ಆ ಪುಸ್ತಕಕ್ಕಿಂತ ಐದು ವರ್ಷ ಮೊದಲು. ಅಂದರೆ ಕಾಯ್ದೆ ಲೊಂಬ್ರೋಸೋನಿಂದ ಹುಟ್ಟಿದ್ದಲ್ಲ. ಬಡವರ, ಅಲೆಮಾರಿಗಳ ಬಗ್ಗೆ ಆ ಕಾಲದ ಗಾಳಿಯಲ್ಲೇ ಇದ್ದ ನಂಬಿಕೆಯೊಂದು ಇಲ್ಲಿ ಕಾನೂನಾಯಿತು, ಅಲ್ಲಿ ವಿಜ್ಞಾನವಾಯಿತು.

ಅವನ ಅಳತೆಯ ಕೆಲಸವನ್ನು ಅಳತೆಯಿಂದಲೇ ಬಿಡಿಸಿಟ್ಟವನು ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್. ಸುಮಾರು 3,000 ಕೈದಿಗಳ ದೇಹದ ಅಳತೆ ತೆಗೆದು, ಕೈದಿಗಳಲ್ಲದವರ ಜೊತೆ ಹೋಲಿಸಿ, 1913ರಲ್ಲಿ ವರದಿ ಕೊಟ್ಟ. ಲೊಂಬ್ರೋಸೋ ಹೇಳಿದ ಅಪರಾಧಿ ಮುಖ ಅವನಿಗೆ ಎಲ್ಲೂ ಸಿಗಲಿಲ್ಲ. ಲೊಂಬ್ರೋಸೋ ಮಾಡಿದ್ದ ತಪ್ಪು ಇಂದಿಗೂ ನಾವು ಮಾಡುವಂಥದ್ದೇ. ಹೆಚ್ಚಾಗಿ ಜೈಲಿನೊಳಗಿನ ಮುಖಗಳನ್ನೇ ಎಣಿಸಿದ್ದ. ಅಂಥದೇ ಕಿವಿ, ಅಂಥದೇ ದವಡೆಯ ಎಷ್ಟು ಜನ ಹೊರಗೆ ರೊಟ್ಟಿ ಸುಟ್ಟುಕೊಂಡು, ಮಕ್ಕಳನ್ನು ಸಾಕಿಕೊಂಡಿದ್ದಾರೆ ಎಂಬ ಲೆಕ್ಕವನ್ನು ಸರಿಯಾಗಿ ಇಡಲಿಲ್ಲ. ವಿಲ್ಲೆಲ್ಲಾನ ಬುರುಡೆ ಇವತ್ತಿಗೂ ತುರಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಹೂಳಲಿಕ್ಕಾದರೂ ಕೊಡಿ ಎಂದು ಅವನ ಹುಟ್ಟೂರು ಮೊತ್ತಾ ಸಾಂತಾ ಲುಚಿಯಾ ಕೋರ್ಟಿಗೆ ಹೋಯಿತು. 2012ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದು, ಕಡೆಗೆ ಮೇಲಿನ ಕೋರ್ಟುಗಳಲ್ಲಿ ಸೋತಿತು.

ಅರ್ಧ ಶತಮಾನ ಕಳೆದ ಮೇಲೆ ಅದೇ ತಪ್ಪು ಸೂಕ್ಷ್ಮದರ್ಶಕದ ಅಡಿಯಲ್ಲಿ ಮರಳಿ ಬಂತು. ಗಂಡಸಿಗೆ ಒಂದು ಎಕ್ಸ್, ಒಂದು ವೈ ಕ್ರೋಮೋಸೋಮ್ ಇರುವುದು ಸಾಮಾನ್ಯ. ಸುಮಾರು ಸಾವಿರಕ್ಕೊಬ್ಬನಲ್ಲಿ ಎರಡು ವೈ ಇರುತ್ತವೆ. 1965ರಲ್ಲಿ ಪೆಟ್ರೀಷಿಯಾ ಜೇಕಬ್ಸ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ಬಿಗಿಭದ್ರತೆಯ ಆಸ್ಪತ್ರೆಯೊಂದರಲ್ಲಿ ಇಂಥವರು ನಿರೀಕ್ಷೆಗಿಂತ ಬಹಳ ಹೆಚ್ಚಿದ್ದಾರೆ ಎಂದು ಬರೆದರು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. 1966ರಲ್ಲಿ ಷಿಕಾಗೊದಲ್ಲಿ ಎಂಟು ಮಂದಿ ನರ್ಸಿಂಗ್ ಯುವತಿಯರನ್ನು ಕೊಂದ ರಿಚರ್ಡ್ ಸ್ಪೆಕ್‌ಗೂ ಎರಡು ವೈ ಇದೆ ಎಂಬ ಸುದ್ದಿ ಹಬ್ಬಿತು. ಅದು ಸುಳ್ಳು, ಅವನ ಕ್ರೋಮೋಸೋಮುಗಳು ಎಲ್ಲರಂತೆಯೇ ಇದ್ದವು. ಉತ್ತರ ಬಂದದ್ದು 1976ರಲ್ಲಿ, ಡೆನ್ಮಾರ್ಕಿನಿಂದ. ಅಲ್ಲಿ 4,139 ಎತ್ತರದ ಗಂಡಸರ ರಕ್ತ ಪರೀಕ್ಷಿಸಿದಾಗ ಎರಡು ವೈ ಇದ್ದವರು ಸಿಕ್ಕಿದ್ದು 12 ಜನ. ಅವರಲ್ಲಿ ಶಿಕ್ಷೆಯಾದವರು ಐವರು. ಪ್ರಮಾಣ ಹೆಚ್ಚೇ, ಆದರೆ ಬಹುಮಟ್ಟಿಗೆ ಸಣ್ಣಪುಟ್ಟ ಅಪರಾಧಗಳು. ಅವರು ಹೆಚ್ಚು ಹಿಂಸಾತ್ಮಕರು ಎನ್ನುವುದಕ್ಕೆ ಆಧಾರ ಸಿಗಲಿಲ್ಲ.

ಇಷ್ಟು ಕೇಳಿದ ಮೇಲೆ ಇದೆಲ್ಲ ಬರೀ ಬೊಗಳೆ, ಅಪರಾಧಕ್ಕೂ ಶರೀರಕ್ಕೂ ಸಂಬಂಧವೇ ಇಲ್ಲ ಎಂದು ಕೈತೊಳೆದುಕೊಳ್ಳಬೇಕು ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಹಾಗೆ ಹೇಳಲು ಬಿಡದ ಒಂದು ಪ್ರಕರಣವಿದೆ.

ಅಮೆರಿಕದ ವರ್ಜೀನಿಯಾದಲ್ಲಿ ನಲವತ್ತು ವರ್ಷದ ಶಾಲಾ ಶಿಕ್ಷಕ. ಹೆಂಡತಿ ಇದ್ದಾಳೆ, ಮಲಮಗಳಿದ್ದಾಳೆ, ಹಿಂದೆ ಯಾವ ಕೆಟ್ಟ ಹೆಸರೂ ಇಲ್ಲ. 2000ನೇ ಇಸವಿಯಲ್ಲಿ ಈ ಮನುಷ್ಯ ಬದಲಾಗತೊಡಗಿದ. ಕದ್ದುಮುಚ್ಚಿ ಅಶ್ಲೀಲ ಚಿತ್ರ ಕೂಡಿಹಾಕಿದ, ಅದರಲ್ಲಿ ಮಕ್ಕಳವೂ ಇದ್ದವು. ಕೊನೆಗೆ ಮನೆಯ ಮಗುವಿನ ಮೇಲೆಯೇ ಕೈಯಿಟ್ಟ. ಹೆಂಡತಿ ದೂರು ಕೊಟ್ಟಳು, ಅಪರಾಧ ಸಾಬೀತಾಯಿತು. ಜೈಲಿಗೆ ಬದಲು ಚಿಕಿತ್ಸೆಯ ಅವಕಾಶ ಸಿಕ್ಕರೂ ಅಲ್ಲಿನ ಹೆಂಗಸರನ್ನೇ ಪೀಡಿಸಿ ಹೊರದಬ್ಬಿಸಿಕೊಂಡ. ಮರುದಿನ ಶಿಕ್ಷೆ ಘೋಷಣೆ. ಹಿಂದಿನ ಸಂಜೆ ತಲೆನೋವು ತಡೆಯಲಾಗದೆ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಬಂದ. ನಡೆಯುವಾಗ ತೂರಾಡುತ್ತಿದ್ದ. ಬಟ್ಟೆಯಲ್ಲೇ ಮೂತ್ರವಾದರೂ ಅದರ ಪರಿವೆ ಇರಲಿಲ್ಲ. ಗಡಿಯಾರದ ಚಿತ್ರ ಬರೆಯಿರಿ ಎಂದರೆ ಬರೆಯಲಾಗಲಿಲ್ಲ. ಮಕ್ಕಳಿಗೆ ಅಕ್ಷರ ಕಲಿಸಿದವನ ಕೈಬರಹವನ್ನೇ ಓದಲಾಗುತ್ತಿರಲಿಲ್ಲ.

ಎಂಆರ್‌ಐ ಮಾಡಿದಾಗ ಕಣ್ಣುಗುಡ್ಡೆಯ ಮೇಲ್ಭಾಗದಲ್ಲಿ, ಬಲಗಡೆಯ ಮುಂಮೆದುಳನ್ನು ಒತ್ತಿಕೊಂಡು ಮೊಟ್ಟೆಗಾತ್ರದ ಗಡ್ಡೆ ಇತ್ತು. ಅದನ್ನು ತೆಗೆದರು. ಆ ಚಪಲ ಹೋಯಿತು. ಚಿಕಿತ್ಸೆ ಪೂರೈಸಿದ, ಏಳು ತಿಂಗಳಾದ ಮೇಲೆ ಮನೆಗೂ ಮರಳಿದ. 2001ರ ಅಕ್ಟೋಬರಿನಲ್ಲಿ ಮತ್ತೆ ತಲೆನೋವು, ಮತ್ತೆ ಕದ್ದುಮುಚ್ಚಿ ಚಿತ್ರಗಳು. ಮತ್ತೆ ತಲೆಯ ಚಿತ್ರ ತೆಗೆದರೆ ಗಡ್ಡೆ ಬೆಳೆದಿತ್ತು. ಎರಡನೆಯ ಸಲ ತೆಗೆದರು, ಎರಡನೆಯ ಸಲವೂ ಆ ಚಪಲ ನಿಂತಿತು. ಜೆಫ್ರಿ ಬರ್ನ್ಸ್ ಮತ್ತು ರಸೆಲ್ ಸ್ವರ್ಡ್‌ಲೋ ಎಂಬ ನರತಜ್ಞರು 2003ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದರು. ಗಡ್ಡೆ ಬಂದಾಗ ಬಂದು, ಹೋದಾಗ ಹೋಗಿ, ಮರಳಿದಾಗ ಮರಳಿದ ನಡತೆ ಅದು. ಕಾರಣ–ಪರಿಣಾಮದ ಕೊಂಡಿ ಒಬ್ಬ ಮನುಷ್ಯನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ನೊಂದ ಮಗುವಿನ ನೋವು ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ, ಅದನ್ನೂ ಹೇಳಲೇಬೇಕು.

ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಬೇರೆ. ತಾನು ಮಾಡುತ್ತಿರುವುದು ತಪ್ಪು ಎಂದು ಆತನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕದ್ದುಮುಚ್ಚಿ ಮಾಡಿದ. ತಿಳಿವಳಿಕೆ ಇದ್ದಲ್ಲೇ ಇತ್ತು, ತಡೆ ಕಿತ್ತುಹೋಗಿತ್ತು. ಕಣ್ಣಿಗೆ ಗುಂಡಿ ಕಾಣುತ್ತಿದೆ, ಬ್ರೇಕ್ ಹಿಡಿಯುತ್ತಿಲ್ಲ. ನಮ್ಮ ಕಾನೂನು ಕೇಳುವುದು ಕಣ್ಣಿನ ಬಗ್ಗೆ ಮಾತ್ರ. ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಅದಕ್ಕೂ ಮೊದಲು ದಂಡ ಸಂಹಿತೆಯ 84ನೇ ಸೆಕ್ಷನ್, ಎರಡೂ ಕೇಳುವ ಪ್ರಶ್ನೆ ಒಂದೇ: ಮನಸ್ಸಿನ ಅಸ್ವಸ್ಥತೆಯಿಂದ ಈತನಿಗೆ ತನ್ನ ಕೃತ್ಯ ಎಂಥದ್ದು, ಅದು ತಪ್ಪು ಎಂದು ತಿಳಿಯುವ ಶಕ್ತಿ ಇರಲಿಲ್ಲವೇ? ಇಂಗ್ಲೆಂಡಿನಲ್ಲಿ 1843ರಲ್ಲಿ ರೂಪುಗೊಂಡ ಸೂತ್ರವಿದು. ತಿಳಿದೂ ತಡೆದುಕೊಳ್ಳಲಾಗದವನಿಗೆ ಇದರಲ್ಲಿ ಜಾಗವಿಲ್ಲ. ಜಾಗ ಮಾಡಿಕೊಟ್ಟರೆ ‘ತಡೆದುಕೊಳ್ಳಲಾಗಲಿಲ್ಲ ಸ್ವಾಮಿ’ ಎಂದು ಎಲ್ಲರೂ ಕೈಮುಗಿದು ನಿಲ್ಲುತ್ತಾರೆ ಎಂಬ ಅಂಜಿಕೆ ಹುಸಿಯಲ್ಲ. ಆದರೂ ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಗಡ್ಡೆಯಂಥ ಸಾಕ್ಷಿಯನ್ನು ನ್ಯಾಯಾಧೀಶರು ನೋಡಬೇಕು ಎನ್ನುವವರ ಪಕ್ಷ ನನ್ನದು.

ಗಡ್ಡೆ ಇದ್ದವರೆಲ್ಲ ಹಾಗಾಗುವುದಿಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. 1966ರ ಆಗಸ್ಟ್ 1ರಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿ ಗುಂಡು ಹಾರಿಸಿದ ಚಾರ್ಲ್ಸ್ ವಿಟ್‌ಮನ್, ತನ್ನ ಮೆದುಳನ್ನು ಪರೀಕ್ಷಿಸಿ ಎಂದು ಮೊದಲೇ ಬರೆದಿಟ್ಟಿದ್ದ. ಪರೀಕ್ಷಿಸಿದರೆ ಗಡ್ಡೆಯೂ ಇತ್ತು. ಆದರೆ ಅದೇ ಕಾರಣ ಎಂದು ಖಚಿತವಾಗಿ ಹೇಳಲು ತಜ್ಞರ ಸಮಿತಿ ಒಪ್ಪಲಿಲ್ಲ.

ಗಡ್ಡೆ ಒಬ್ಬನದು. ವಂಶವಾಹಿಯ ವಿಚಾರಕ್ಕೆ ಬಂದರೆ ನೆಲ ಜಾರತೊಡಗುತ್ತದೆ. 1978ರಲ್ಲಿ ನೆದರ್‌ಲ್ಯಾಂಡ್ಸಿನ ನೈಮೇಖೆನ್ ನಗರದ ಆಸ್ಪತ್ರೆಗೆ ಹೆಂಗಸೊಬ್ಬಳು ಬಂದಳು. ಅವರ ಮನೆತನದ ಗಂಡಸರಲ್ಲಿ ಹಲವರು ಬುದ್ಧಿ ಮಂದ, ಇದ್ದಕ್ಕಿದ್ದಂತೆ ಕೆರಳುವವರು. ಬೆಂಕಿಯಿಟ್ಟವರಿದ್ದರು, ಹೆಂಗಸರ ಮೇಲೆ ಎರಗಿದವರಿದ್ದರು. ಮನೆತನದ ಹಿರಿಯರೊಬ್ಬರು, ಶಾಲಾ ಮೇಷ್ಟರು, 1962ರಲ್ಲೇ ಕೂತು ವಂಶವೃಕ್ಷ ಬರೆದು ಯಾರಿಗೆ ಇದು ಬಂದಿದೆ, ಯಾರಿಗಿಲ್ಲ ಎಂದು ಗುರುತು ಹಾಕಿಟ್ಟಿದ್ದರು. ತಳಿವಿಜ್ಞಾನ ಓದದ ಮನುಷ್ಯ ಬರೀ ಕಣ್ಣಿನಿಂದ ಕಂಡುಕೊಂಡದ್ದು: ಇದು ಗಂಡಸರಿಗೆ ಮಾತ್ರ ಬರುತ್ತದೆ, ತಾಯಂದಿರ ಕಡೆಯಿಂದ ಇಳಿಯುತ್ತದೆ. ಹಾನ್ ಬ್ರುನ್ನರ್ ನೇತೃತ್ವದ ತಂಡ 1993ರಲ್ಲಿ ಎಕ್ಸ್ ಕ್ರೋಮೋಸೋಮಿನಲ್ಲಿ ದೋಷ ಹುಡುಕಿತು. ಮೆದುಳಿನ ಸಂದೇಶವಾಹಕ ರಾಸಾಯನಿಕಗಳಾದ ಸೆರೊಟೋನಿನ್, ಡೋಪಮೈನ್‌ಗಳನ್ನು ಒಡೆದು ಹೊರಹಾಕುವ ಎಂಎಒ-ಎ ಎಂಬ ಕಿಣ್ವ ಈ ಗಂಡಸರಲ್ಲಿ ತಯಾರಾಗುತ್ತಲೇ ಇರಲಿಲ್ಲ. ಜಗತ್ತಿನಲ್ಲಿ ಇಂಥ ಸಂಸಾರಗಳು ಬೆರಳೆಣಿಕೆಯಷ್ಟು. ಇದನ್ನು ‘ಆಕ್ರಮಣದ ಜೀನ್’ ಎನ್ನಬೇಡಿ ಎಂದು ಬ್ರುನ್ನರ್ ಸ್ವತಃ ಎಚ್ಚರಿಸಿದ್ದರು.

ಎಚ್ಚರಿಕೆ ಯಾರ ಕಿವಿಗೂ ಬೀಳಲಿಲ್ಲ. ಅದೇ ಜೀನ್‌ನ ಮಂದಗತಿಯ ರೂಪವೊಂದು ಯುರೋಪಿಯನ್ ಮೂಲದ ಗಂಡಸರಲ್ಲಿ ಸುಮಾರು ಮೂವರಲ್ಲಿ ಒಬ್ಬನಿಗಿದೆ. ಅದಕ್ಕೆ ‘ಯೋಧ ಜೀನ್’ ಎಂಬ ಹೆಸರು ಬಿತ್ತು. ಮೂವರಲ್ಲಿ ಒಬ್ಬನಲ್ಲಿರುವುದು ಕೊಲೆಗಡುಕತನಕ್ಕೆ ಕಾರಣವಾಗುವುದಾದರೆ ಊರೇ ಉಳಿಯಬಾರದಿತ್ತು. 2002ರಲ್ಲಿ ಅವ್ಷಲೋಮ್ ಕಾಸ್ಪಿ, ಟೆರಿ ಮೊಫಿಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ಗಂಟನ್ನು ಬಿಡಿಸಲು ನೋಡಿತು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೂ ಗಮನಿಸುತ್ತ ಬಂದ ಯೋಜನೆಯದು. ಅದರಲ್ಲಿ 442 ಹುಡುಗರ ಲೆಕ್ಕ ನೋಡಿದಾಗ ಮಂದಗತಿಯ ಜೀನ್ ಒಂದೇ ಇದ್ದು, ಬಾಲ್ಯ ಚೆನ್ನಾಗಿದ್ದವರು ಉಳಿದವರಿಗಿಂತ ಹೆಚ್ಚಾಗಿ ಹಿಂಸೆಯ ದಾರಿ ಹಿಡಿದಿರಲಿಲ್ಲ. ಆ ಜೀನ್ ಜೊತೆಗೆ ಬಾಲ್ಯದಲ್ಲಿ ಹೊಡೆತ, ಬಡಿತ, ತಿರಸ್ಕಾರ ಕಂಡವರು ಶೇ 12ರಷ್ಟಿದ್ದರು. ಹಿಂಸಾಚಾರಕ್ಕೆ ಆದ ಶಿಕ್ಷೆಗಳಲ್ಲಿ ಶೇ 44 ಅವರ ಪಾಲಿಗಿತ್ತು. ಬೀಜ ಒಂದೇ, ಬಿದ್ದ ನೆಲ ಬೇರೆ. ಆಮೇಲಿನ ಅಧ್ಯಯನಗಳಲ್ಲಿ ಈ ಫಲಿತಾಂಶ ಕೆಲವೆಡೆ ಮರಳಿ ಸಿಕ್ಕಿತು, ಕೆಲವೆಡೆ ಸಿಗಲಿಲ್ಲ. ಒಂದೇ ಜೀನ್ ಮೇಲೆ ಇಡೀ ಭಾರ ಹೊರಿಸುವ ಉಮೇದು ಈಗ ತಳಿವಿಜ್ಞಾನಿಗಳಲ್ಲಿ ಉಳಿದಿಲ್ಲ.

ಅದೇ ನ್ಯೂಜಿಲೆಂಡಿನಲ್ಲಿ 2006ರಲ್ಲಿ ಇನ್ನೊಂದು ಸುದ್ದಿ ಎದ್ದಿತು: ಮೂಲನಿವಾಸಿ ಮಾವೊರಿ ಗಂಡಸರಲ್ಲಿ ‘ಯೋಧ ಜೀನ್’ ಹೆಚ್ಚು, ಅವರಲ್ಲಿ ಅಪರಾಧ ಹೆಚ್ಚಿರುವುದಕ್ಕೆ ಅದೇ ವಿವರಣೆ ಎಂದು. ನೆಲ ಕಳೆದುಕೊಂಡದ್ದು, ನುಡಿ ಕಳೆದುಕೊಂಡದ್ದು, ಕೆಲಸವಿಲ್ಲದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಹುಬ್ಬಳ್ಳಿಯ ತಂತಿಬೇಲಿ ಎಷ್ಟು ಸುಲಭವಾಗಿ ಮತ್ತೆ ಎದ್ದು ನಿಲ್ಲುತ್ತದೆ ನೋಡಿ. ನಮ್ಮಲ್ಲೇ ಕಾಯ್ದೆ ಸತ್ತು ಎಪ್ಪತ್ತೆರಡು ವರ್ಷವಾದರೂ ಜೈಲು ಕೈಪಿಡಿಗಳಲ್ಲಿ ಅದರ ಉಸಿರು ಆಡುತ್ತಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಜಾತಿ ನೋಡಿ ಕೈದಿಗಳಿಗೆ ಕೆಲಸ ಹಂಚುವ ನಿಯಮಗಳ ಜೊತೆಗೆ ವಿಮುಕ್ತ ಸಮುದಾಯದವರನ್ನು ರೂಢಿಗತ ಅಪರಾಧಿಗಳಂತೆ ಕಾಣುವ ನಿಯಮಗಳನ್ನೂ ಅಸಾಂವಿಧಾನಿಕ ಎಂದಿತು.

ವಂಶದಿಂದ ಏನೂ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಡೆನ್ಮಾರ್ಕಿನಲ್ಲಿ ದತ್ತು ಹೋದ 14,427 ಮಕ್ಕಳ ದಾಖಲೆಗಳನ್ನು ಸಾರ್ನಾಫ್ ಮೆಡ್ನಿಕ್ ತಂಡ 1984ರಲ್ಲಿ ಪರಿಶೀಲಿಸಿತು. ಹೆತ್ತವರಿಗೂ ಸಾಕಿದವರಿಗೂ ಶಿಕ್ಷೆಯಾಗದ ಗಂಡುಮಕ್ಕಳಲ್ಲಿ ಶೇ 13.5ರಷ್ಟು ಮಂದಿಗೆ ಮುಂದೆ ಶಿಕ್ಷೆಯಾಗಿತ್ತು. ಹೆತ್ತವರಿಗೆ ಮಾತ್ರ ಶಿಕ್ಷೆಯಾಗಿದ್ದರೆ ಅದು ಶೇ 20. ವ್ಯತ್ಯಾಸ ನಿಜ. ಆದರೆ ಎರಡನೆಯ ಗುಂಪಿನಲ್ಲೂ ಶೇ 80ರಷ್ಟು ಮಂದಿ ಯಾವ ಕೋರ್ಟಿನ ಕಟಕಟೆಯನ್ನೂ ಹತ್ತಲಿಲ್ಲ. ಹೆಚ್ಚಳ ಕಂಡದ್ದು ಆಸ್ತಿಪಾಸ್ತಿಯ ಅಪರಾಧಗಳಲ್ಲಿ, ಹಿಂಸೆಯಲ್ಲಿ ಅಂಥ ನಂಟು ಸಿಗಲಿಲ್ಲ. ‘ರಕ್ತದಲ್ಲೇ ಬಂದಿದೆ’ ಎಂದು ನಾವು ಸಲೀಸಾಗಿ ಹೇಳಿಬಿಡುವ ಮಾತಿನ ನಿಜವಾದ ತೂಕ ಇಷ್ಟು.

ನನಗೆ ಈ ವಿಜ್ಞಾನದಲ್ಲಿ ಭರವಸೆ ಹುಟ್ಟುವುದು ಅದು ಹುಟ್ಟಿನ ಬೆನ್ನು ಬಿಟ್ಟು, ಹುಟ್ಟಿದ ಮೇಲೆ ದೇಹಕ್ಕೆ ಏನಾಯಿತು ಎಂದು ಕೇಳುವಾಗ. ಇಂಗ್ಲೆಂಡಿನ ಐಲ್ಸ್‌ಬರಿ ಜೈಲಿನಲ್ಲಿ 231 ಯುವ ಕೈದಿಗಳಲ್ಲಿ ಅರ್ಧದಷ್ಟು ಜನಕ್ಕೆ ವಿಟಮಿನ್, ಖನಿಜ, ಕೊಬ್ಬಿನಾಮ್ಲದ ಮಾತ್ರೆ, ಉಳಿದವರಿಗೆ ಹಾಗೇ ಕಾಣುವ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. ನಿಜವಾದ ಮಾತ್ರೆ ತಿಂದವರಲ್ಲಿ ಜೈಲಿನೊಳಗಿನ ತಪ್ಪುಗಳು ಶೇ 26ರಷ್ಟು ಕಡಿಮೆಯಾದವು ಎಂದು 2002ರಲ್ಲಿ ವರದಿಯಾಯಿತು. ಮಾರಿಷಸ್‌ನಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಒಳ್ಳೆಯ ಊಟ, ಆಟ, ಕಲಿಕೆ ಒದಗಿಸಿದ ಪ್ರಯೋಗದ ಮಕ್ಕಳು ಇಪ್ಪತ್ಮೂರರ ವಯಸ್ಸಿಗೆ ಬಂದಾಗ ಅವರಲ್ಲಿ ಅಪರಾಧ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. ನಮ್ಮ ಅಂಗನವಾಡಿಯ ಮೊಟ್ಟೆ, ಹಾಲಿನ ಬಗ್ಗೆ ಜಗಳವಾಡುವವರು ಇದನ್ನೊಮ್ಮೆ ಓದಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಇರುವುದು ಸೀಸದ ಬಗ್ಗೆ. ಸೀಸ ಮೆದುಳಿನ ಪಾಲಿಗೆ ಸುಣ್ಣದ ವೇಷ ಹಾಕಿ ಬರುವ ಕಳ್ಳ. ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಎಲುಬಿನೊಳಗೂ ನರಕೋಶದೊಳಗೂ ಬಿಟ್ಟುಕೊಳ್ಳುತ್ತದೆ. ಬೆಳೆಯುವ ಮಗುವಿನಲ್ಲಿ ಅದು ಕೆಡಿಸುವುದು ಮುಖ್ಯವಾಗಿ ಮುಂಮೆದುಳನ್ನೇ, ವರ್ಜೀನಿಯಾದ ಶಿಕ್ಷಕನಲ್ಲಿ ಗಡ್ಡೆ ಒತ್ತಿದ ಆ ತಡೆಯ ಜಾಗವನ್ನೇ. ಅಮೆರಿಕದ ಸಿನ್ಸಿನಾಟಿಯ ಬಡ ಕೇರಿಗಳಲ್ಲಿ 1979ರಿಂದ 84ರವರೆಗೆ ಹುಟ್ಟಿದ 250 ಮಂದಿಯನ್ನು ದೊಡ್ಡವರಾಗುವ ತನಕ ಗಮನಿಸಿದಾಗ, ಬಾಲ್ಯದಲ್ಲಿ ರಕ್ತದ ಸೀಸ ಹೆಚ್ಚಿದ್ದಷ್ಟೂ ಮುಂದೆ ಬಂಧನಗಳು ಹೆಚ್ಚಿದ್ದವು. ಆ ಕೇರಿಗಳ ಹಳೆಯ ಮನೆಗಳಲ್ಲಿ ಉದುರುತ್ತಿದ್ದ ಬಣ್ಣದಲ್ಲಿ ಸೀಸವಿತ್ತು. ‘ಆ ಕೇರಿಯ ಹುಡುಗರೇ ಅಷ್ಟು’ ಎಂದು ಊರು ಅಂದುಕೊಂಡಿದ್ದರ ಹಿಂದೆ ಗೋಡೆಯ ಬಣ್ಣವೂ ಇತ್ತು.

ನಮ್ಮಲ್ಲಿ ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡುಗಳು ಊರಂಚಿನಲ್ಲಿ ಇನ್ನೂ ಇವೆ. ಅವುಗಳ ಸುತ್ತ ಮಣ್ಣಾಡುವ ಮಕ್ಕಳು ಯಾರ ಮಕ್ಕಳೆಂದು ಬಿಡಿಸಿ ಹೇಳಬೇಕಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯ ಅಂದಾಜಿನಂತೆ ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಮಿತಿ ಮೀರಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಕಲಿಸುತ್ತಿದ್ದ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳಿಂದ ಇದರ ಬೆನ್ನು ಹತ್ತಿ, ಸೀಸದ ವಿಷದ ಬಗ್ಗೆ ದೇಶಕ್ಕೇ ಆಧಾರವಾದ ಕೇಂದ್ರವೊಂದನ್ನು ಅಲ್ಲಿ ಕಟ್ಟಿದರು.

ರಕ್ತದ ಸೀಸ ಅಳೆಯಲು ಈಗ ಕೈಯಲ್ಲಿ ಹಿಡಿದೊಯ್ಯುವ ಯಂತ್ರ ಬಂದಿದೆ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸುತ್ತಾರೆ. ಕೈಯನ್ನು ಸೋಪು ಹಾಕಿ ತೊಳೆಯುತ್ತಾರೆ, ಬೆರಳಿಗೆ ಅಂಟಿದ ಮಣ್ಣಿನಲ್ಲೂ ಸೀಸವಿದ್ದು ಲೆಕ್ಕ ತಪ್ಪಬಾರದು ಎಂದು. ಆಮೇಲೆ ಬೆರಳ ತುದಿಗೆ ಸಣ್ಣದಾಗಿ ಚುಚ್ಚಿ, ಒಂದೆರಡು ಹನಿ ರಕ್ತವನ್ನು ಕೂದಲೆಳೆಯಂಥ ಕೊಳವೆಗೆ ಎಳೆದುಕೊಳ್ಳುತ್ತಾರೆ. ಒಂದು ಕಾಲದಲ್ಲಿ ತಂತಿಬೇಲಿಯೊಳಗೆ ಮಸಿ ಬಳಿದು ಕಾಗದಕ್ಕೆ ಒತ್ತಿಸಿಕೊಳ್ಳುತ್ತಿದ್ದುದೂ ಅದೇ ಬೆರಳ ತುದಿಯನ್ನೇ. ಮೂರು ನಿಮಿಷ ಕಾದರೆ ಯಂತ್ರದ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ಅದು ಹೆಚ್ಚಿದ್ದರೆ ಮನೆಯ ನೀರು, ಮಣ್ಣು, ಪಾತ್ರೆ, ಅಪ್ಪನ ಕೆಲಸದ ಬಟ್ಟೆ ಒಂದೊಂದನ್ನೇ ನೋಡುತ್ತ ಹೋಗುತ್ತಾರೆ.